ಬಿಟ್ಟ ಮೇಲಿನ ಮಳೆಗಾಲ

ನಾನು ಕುಡಿತ ಬಿಟ್ಟದ್ದು ಮೇ ತಿಂಗಳ ಕೊನೆಗೆ. ಕೊಡಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಇನ್ನೇನು ಮಳೆ ಹಿಡಿಯುವ ಹೊತ್ತು. ಮಳೆ ಹಿಡಿದರೆ ತೋಟದಲ್ಲಿ ಕೆಲಸ ಅಷ್ಟಕ್ಕಷ್ಟೆ, ಕರೆಂಟ್ ಬಂದರೆ ಬಂತು, ಸಂಜೆ ನಾಲ್ಕಕ್ಕೇ ಮನೆಯೊಳಗೆ ಕತ್ತಲೆ. “ಈ ಚಳಿಗೆ ಒಂದು ಹಾಕದೆ ಹೇಗೆ ಇರ್ತೀಯ ಮಾರಾಯ?” ಎಂದು ಕೇಳದವರೇ ಇರಲಿಲ್ಲ. ಆದರೆ ಲಿವರ್ ರಿಪೋರ್ಟ್ ನೋಡಿದ ಡಾಕ್ಟರು ಬೇಸಿಗೆ ಬರಲಿ ಎಂದು ಕಾಯಲಿಲ್ಲ. ನಾಳೆಯೇ ಅಡ್ಮಿಟ್ ಆಗಿ ಎಂದರು.

ಆಸ್ಪತ್ರೆಯ ದಿನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲಿ ಕೂತು ದಿಢೀರನೆ ನಿಲ್ಲಿಸಬಾರದು. ಕೊನೆಯ ಪೆಗ್ ಆದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ತಾನು ಎಲ್ಲಿದ್ದೇನೆ ಎಂದೇ ತಿಳಿಯುವುದಿಲ್ಲ. ಅದರಲ್ಲಿ ಜೀವ ಹೋದವರಿದ್ದಾರೆ. ಆಸ್ಪತ್ರೆಯಲ್ಲಿ ನಡುಕ ತಡೆಯುವ ಮಾತ್ರೆ ಕೊಟ್ಟು ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಥಯಾಮಿನ್, ಅಂದರೆ ವಿಟಮಿನ್ ಬಿ1, ಇಂಜೆಕ್ಷನ್ ಹಾಕುತ್ತಾರೆ. ಅದು ಗ್ಲೂಕೋಸ್‌ಗಿಂತ ಮೊದಲೇ ಒಳಗೆ ಹೋಗಬೇಕು, ಇಲ್ಲದಿದ್ದರೆ ಮೆದುಳಿಗೆ ಪೆಟ್ಟು ಬೀಳಬಹುದು. “ಸುಮ್ನೆ ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಕಳಿಸಿ ಡಾಕ್ಟ್ರೇ” ಎಂದು ಹಠ ಮಾಡುವ ಮನೆಯವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಮನೆಗೆ ಬಂದಾಗ ಅಮ್ಮ ಮುಖ ನೋಡಿ, ಕಳೆ ಬಂತು ಎಂದರು. ಎಲ್ಲರ ಲೆಕ್ಕದಲ್ಲಿ ವಿಷಯ ಮುಗಿದಿತ್ತು. ನನಗೆ ಅಲ್ಲಿಂದಲೇ ಶುರು. ನಿದ್ದೆ ಇಲ್ಲ. ಅಂಗಾಲು ಉರಿ. ಯಾರು ಏನು ಕೇಳಿದರೂ ಸಿಟ್ಟು. ಶನಿವಾರದ ಬಟವಾಡೆ ಲೆಕ್ಕ ಬರೆಯಲು ಕೂತರೆ ಅರ್ಧಕ್ಕೆ ಯಾವ ಸಾಲಿನಲ್ಲಿದ್ದೆ ಎಂದೇ ಮರೆತುಹೋಗುವುದು. ಒಂದು ವಾರ ಚೆನ್ನಾಗಿ ಕಳೆಯಿತು ಅನ್ನುವಾಗ ಮತ್ತೆ ಎಲ್ಲವೂ ಒಟ್ಟಿಗೆ ಬರುವುದು. ಕುಡಿಯುವಾಗಲೇ ಇದಕ್ಕಿಂತ ಆರೋಗ್ಯವಾಗಿದ್ದೆ ಅನ್ನಿಸಿಬಿಟ್ಟಿತ್ತು. ಬಿಟ್ಟವರನ್ನು ಮತ್ತೆ ಬಾಟಲಿಗೆ ಎಳೆಯುವುದು ಹೆಚ್ಚಾಗಿ ಈ ಯೋಚನೆಯೇ. ಗೆಳೆಯರ ಒತ್ತಾಯ ಆಮೇಲಿನ ಮಾತು.

ಮಡಿಕೇರಿಯ ಮನೋವೈದ್ಯರು ನನ್ನ ಭಾಷೆಯಲ್ಲೇ ಬಿಡಿಸಿ ಹೇಳಿದರು. ಮದ್ಯ ಮೆದುಳಿಗೆ ಬ್ರೇಕ್ ಇದ್ದ ಹಾಗೆ. ವರ್ಷಗಟ್ಟಲೆ ಬ್ರೇಕ್ ಒತ್ತಿಕೊಂಡೇ ಜೀಪ್ ಓಡಿಸಿದರೆ ಮೆದುಳು ಆಕ್ಸಿಲರೇಟರನ್ನು ಜಾಸ್ತಿ ತುಳಿದು ಸರಿದೂಗಿಸುತ್ತದೆ. ಈಗ ಬ್ರೇಕ್ ತೆಗೆದಿದ್ದೀರಿ, ಆಕ್ಸಿಲರೇಟರ್ ಮೇಲಿನ ಕಾಲು ಇನ್ನೂ ಅಲ್ಲೇ ಇದೆ. ಅದು ನಿಧಾನವಾಗಿ ಮೇಲೆ ಬರಬೇಕು. ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳೇ ಬೇಕು. ನಡುವೆ ಏರಿಳಿತ ಇರುತ್ತದೆ. ಇದನ್ನು ಕೇಳಿ ನನ್ನ ನಿದ್ದೆಯೇನೂ ಸರಿಯಾಗಲಿಲ್ಲ. ಆದರೆ ಕಾಯಿಲೆ ಹೆಚ್ಚುತ್ತಿಲ್ಲ, ಇಳಿಯುತ್ತಿದೆ ಎಂದು ತಿಳಿಯಿತು. ಅಷ್ಟು ತಿಳಿದರೆ ರಾತ್ರಿ ಎರಡು ಗಂಟೆಗೆ ಎಚ್ಚರಾದಾಗ ಹೆದರಿಕೆ ಅರ್ಧ ಕಡಿಮೆ.

ನಿದ್ದೆಯದ್ದೇ ದೊಡ್ಡ ಕತೆ. ನಿದ್ದೆಮಾತ್ರೆ ಕೊಡಿ ಎಂದು ಕೇಳಿದೆ. ಡಾಕ್ಟರು ಒಪ್ಪಲಿಲ್ಲ. ಎಷ್ಟೋ ನಿದ್ದೆಮಾತ್ರೆಗಳು ಮೆದುಳಿನಲ್ಲಿ ಮದ್ಯ ಹಿಡಿಯುವ ದಾರಿಯನ್ನೇ ಹಿಡಿಯುತ್ತವೆ. ಒಂದನ್ನು ಬಿಟ್ಟವನು ಇನ್ನೊಂದಕ್ಕೆ ಅಂಟಿಕೊಳ್ಳುವುದು ಸುಲಭ. ಅದರ ಬದಲು ಅವರು ಕೇಳಿದ ಪ್ರಶ್ನೆ: “ದಿನಕ್ಕೆ ಎಷ್ಟು ಕಾಫಿ ಕುಡಿತೀರಿ?” ಕಾಫಿ ಬೆಳೆಗಾರನನ್ನು ಕೇಳುವ ಮಾತೇ ಇದು? ನಮ್ಮದು ಸುಂಟಿಕೊಪ್ಪದ ಹತ್ತಿರ, ರೋಬಸ್ಟಾ ತೋಟ. ಮನೆಯಲ್ಲಿ ಆಗುವುದೂ ಅದೇ ಪುಡಿ. ಅರೇಬಿಕಾಗೆ ಹೋಲಿಸಿದರೆ ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು. ಪೆಗ್ ನಿಂತ ಮೇಲೆ ಕೈಯಲ್ಲಿ ಏನಾದರೂ ಲೋಟ ಇರಲಿ ಎಂದು ನಾನು ಸಂಜೆಯಿಡೀ ಬೆಲ್ಲದ ಕಾಫಿ ಹೀರುತ್ತಿದ್ದೆ. ಇನ್ನು ನಿದ್ದೆ ಎಲ್ಲಿಂದ ಬರಬೇಕು? ಮಧ್ಯಾಹ್ನದ ಊಟದ ನಂತರ ಕಾಫಿ ಬಂದ್ ಮಾಡಿದೆ. ಸಂಜೆಗೆ ಶುಂಠಿ ಕಷಾಯ, ಅದಕ್ಕೆ ಬೆಲ್ಲ. ಮದ್ಯ ಬಿಟ್ಟದ್ದಕ್ಕಿಂತ ಸಂಜೆಯ ಕಾಫಿ ಬಿಟ್ಟದ್ದೇ ಮನೆಯವರಿಗೆಲ್ಲ ದೊಡ್ಡ ಆಶ್ಚರ್ಯ.

ಬೆಳಿಗ್ಗೆ ಬೇಗ ಎದ್ದು ನಡೆಯಿರಿ ಎಂದೂ ಹೇಳಿದರು. ಪೇಟೆಯವರಿಗೆ ಸರಿ. ನಮ್ಮ ಕಡೆ ಬೆಳಕು ಹರಿಯುವ ಮೊದಲು ತೋಟದೊಳಗೆ ಕಾಲಿಟ್ಟರೆ ಎದುರಿಗೆ ಆನೆ. ಬೆಳಕಾದ ಮೇಲೆ ಹೋದರೆ ಜಿಗಣೆ. ಹಾಗಾಗಿ ಕಾಫಿ ಒಣಗಿಸುವ ಕಣದಲ್ಲೇ ಕೊಡೆ ಹಿಡಿದು ಸುತ್ತು ಹಾಕುತ್ತಿದ್ದೆ. ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು ನೋಡಿ ನಗುತ್ತಿದ್ದರು. ನಗಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದು ಮೈ ಸ್ವಲ್ಪ ದಣಿದರೆ ರಾತ್ರಿ ನಿದ್ದೆ ಒಂದು ಹದಕ್ಕೆ ಬರುತ್ತದೆ. ಒಂದೇ ವಾರದಲ್ಲಿ ಬರಲಿಲ್ಲ. ಬಂತು.

ಕನಸಿನ ಮಾತು ಹೇಳಲೇಬೇಕು. ಬಿಟ್ಟವರಿಗೆ ಕುಡಿದ ಕನಸು ಬೀಳುತ್ತದೆ. ಬಾಯಲ್ಲಿ ರುಚಿ ಕೂಡ ಇರುತ್ತದೆ. ಎದ್ದು, ಕುಡಿದೇಬಿಟ್ಟೆ ಎಂದು ನಾಚಿಕೆಯಾಗಿ ಅಳು ಬಂದದ್ದುಂಟು. ಮದ್ಯ ಕನಸಿನ ನಿದ್ದೆಯನ್ನು ಅದುಮಿ ಇಟ್ಟಿರುತ್ತದೆ. ಅದು ಹೋದ ಮೇಲೆ ಕನಸು ಒಮ್ಮೆಲೇ ನುಗ್ಗುತ್ತದೆ. ಮನಸ್ಸಿನೊಳಗೆ ಇನ್ನೂ ಆಸೆ ಇದೆ ಎಂಬುದಕ್ಕೆ ಅದು ಸಾಕ್ಷಿಯೇನಲ್ಲ.

ಅಂಗಾಲಿನ ಉರಿಗೆ ಹರಳೆಣ್ಣೆ ಹಚ್ಚಿದರೆ ಹಿತ. ಆದರೆ ಅದು ನರದ ತೊಂದರೆ. ಮದ್ಯ ನರವನ್ನೂ ಕೆಡಿಸುತ್ತದೆ, ಬಿ ವಿಟಮಿನ್‌ಗಳನ್ನೂ ಖಾಲಿ ಮಾಡುತ್ತದೆ. ಡಾಕ್ಟರು ಬರೆದ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕಾಯಿತು. ಸಕ್ಕರೆ ಕಾಯಿಲೆಯಲ್ಲೂ ಹೀಗೇ ಉರಿ ಬರುವುದರಿಂದ ಅದರ ಪರೀಕ್ಷೆಯೂ ಆಯಿತು.

ಇನ್ನು ಸಂಜೆಯ ಹೊತ್ತು. ನನ್ನ ಕುಡಿಯುವ ಗಂಟೆ ಆರು. ಐದೂವರೆಗೆಲ್ಲ ಮೈ ತಾನಾಗಿಯೇ ಕೇಳಲು ಶುರು ಮಾಡುತ್ತಿತ್ತು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದು ಎಂದು ಮೊದಲು ನೋಡಿಕೊಳ್ಳಿ ಎಂದು ಬಿಟ್ಟವರ ಕೂಟಗಳಲ್ಲಿ ಹೇಳಿಕೊಡುತ್ತಾರೆ. ನನ್ನ ವಿಷಯದಲ್ಲಿ ಹತ್ತಕ್ಕೆ ಏಳು ಸಲ ಬರೀ ಹಸಿವು. ಹಾಗಾಗಿ ಐದು ಗಂಟೆಗೆ ಏನಾದರೂ ತಿನ್ನುವುದು, ಅಕ್ಕಿ ರೊಟ್ಟಿ, ಬೇಯಿಸಿದ ಗೆಣಸು, ಏನಿದೆಯೋ ಅದು. ಆರಕ್ಕೆ ಸರಿಯಾಗಿ ಸ್ನಾನ. ಬಚ್ಚಲ ಒಲೆಗೆ ಸೌದೆ ಒಟ್ಟಿ, ಹಂಡೆಯಲ್ಲಿ ನೀರು ಕಾಯಿಸಿ, ಬೆನ್ನ ಮೇಲೆ ಸುರಿದುಕೊಂಡು ಹೊರಗೆ ಬರುವಾಗ ಆರೂಮುಕ್ಕಾಲು. ಆಸೆ ಏರುತ್ತದೆ, ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ನಾನು ಬಚ್ಚಲಲ್ಲಿ ಇರುತ್ತಿದ್ದೆ. ಏಳೂವರೆಗೆ ಊಟ. ಹೊಟ್ಟೆ ತುಂಬಿದ ಮೇಲೆ ಬಾಟಲಿ ನೆನಪಾಗುವುದು ಕಡಿಮೆ. ನಾನು ಮಾಡಿದ್ದರಲ್ಲಿ ಒಂದನ್ನೇ ಆರಿಸಿ ಹೇಳು ಎಂದರೆ ಈ ಸ್ನಾನವನ್ನೇ ಹೇಳುತ್ತೇನೆ.

ಚಳಿಗೆ ರಮ್ ಬೇಕು ಅನ್ನುವುದು ನಮ್ಮಲ್ಲಿ ಬಿಡದ ನಂಬಿಕೆ. ಮನೆಗೊಬ್ಬ ಮಾಜಿ ಸೈನಿಕ ಇರುವ ಜಿಲ್ಲೆಯಲ್ಲಿ ಕ್ಯಾಂಟೀನ್ ರಮ್ ಔಷಧಿಯ ಕಪಾಟಿನಲ್ಲೇ ಕೂತಿರುತ್ತದೆ. ಕುಡಿದಾಗ ಚರ್ಮದ ರಕ್ತನಾಳ ಅಗಲವಾಗಿ ಬೆಚ್ಚಗೆ ಅನ್ನಿಸುವುದು ನಿಜ. ಆದರೆ ಒಳಗಿನ ಬಿಸಿಯೇ ಹೊರಗೆ ಹೋಗುತ್ತಿರುತ್ತದೆ. ಮಾವನಿಗೆ ಇದನ್ನು ಹೇಳಿದೆ. ನಲವತ್ತು ವರ್ಷದಿಂದ ಬೆಚ್ಚಗೇ ಇದ್ದೇನೆ ಎಂದರು. ವಾದ ಮಾಡಲಿಲ್ಲ. ಅವರ ಬಾಟಲಿಗಳು ನಮ್ಮ ಮನೆಯಿಂದ ಅವರ ಮನೆಗೆ ಹೋದವು, ನನಗೆ ಅಷ್ಟೇ ಬೇಕಿತ್ತು.

ಗೊತ್ತಿಲ್ಲದೆ ಒಳಗೆ ಬರುವ ಮದ್ಯವೂ ಇದೆ. ಆಯುರ್ವೇದದ ಅರಿಷ್ಟ, ಆಸವಗಳು ಹುದುಗಿಸಿಯೇ ಮಾಡುವಂಥವು, ಅದರಲ್ಲಿ ಮದ್ಯದ ಅಂಶ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇರುತ್ತದೆ. ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಚಾಕೊಲೇಟ್, ಏಲಕ್ಕಿ ಜೊತೆ ಸಾಲಾಗಿ ಇಟ್ಟಿರುವ ಹೋಮ್‌ಮೇಡ್ ವೈನ್ ಬರೀ ಹಣ್ಣಿನ ರಸ ಎಂದು ನಮ್ಮ ಅತ್ತಿಗೆ ಈಗಲೂ ನಂಬಿದ್ದಾರೆ. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ತಿನ್ನುವವರಿಗೆ ಇದರ ಎರಡು ಗುಟುಕೂ ಅಪಾಯ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಆಸ್ಪತ್ರೆ ಸೇರಬೇಕಾಗಬಹುದು. ಆ ಮಾತ್ರೆಯನ್ನು ತಿನ್ನುವವರಿಗೆ ಹೇಳದೆ ಸಾರಿಗೆ ಬೆರೆಸುವ ಮನೆಗಳೂ ಉಂಟು. ದಯವಿಟ್ಟು ಬೇಡ.

ಮೈಯದ್ದು ಒಂದು ತೂಕವಾದರೆ ಮನಸ್ಸಿನದ್ದು ಇನ್ನೊಂದು. ಜುಲೈ ಹೊತ್ತಿಗೆ ನನಗೆ ದುಃಖವೂ ಇಲ್ಲ, ಸಂತೋಷವೂ ಇಲ್ಲ. ಎಲ್ಲ ಸಪ್ಪೆ. ಜೋರು ಮಳೆಯ ಕಕ್ಕಡ ತಿಂಗಳು, ಮನೆಯಲ್ಲಿ ಎಳೆ ಬಿದಿರಿನ ಕಣಿಲೆ ಸಾರು, ಅಣಬೆ, ಏಡಿ. ನನಗೆ ಯಾವುದೂ ಬಾಯಿಗೆ ಹತ್ತಲಿಲ್ಲ. ಆಗಸ್ಟ್ 3ಕ್ಕೆ, ಕಕ್ಕಡ ಹದಿನೆಂಟರಂದು, ಆ ದಿನ ಔಷಧಿಯೆಂದು ಎಲ್ಲರೂ ತಿನ್ನುವ ಆಟಿ ಸೊಪ್ಪಿನ ಪಾಯಸವನ್ನು ಸುಮ್ನೆ ಶಾಸ್ತ್ರಕ್ಕೆ ತಿಂದೆ. ಖುಷಿ ಕೊಡಬೇಕಾದ ಮೆದುಳಿನ ಭಾಗ ಮದ್ಯದ ದೊಡ್ಡ ಏಟಿಗೆ ಒಗ್ಗಿಹೋಗಿರುತ್ತದೆ. ಸಣ್ಣ ಸುಖ ಅದಕ್ಕೆ ಕಾಣಿಸುವುದೇ ಇಲ್ಲ. ಇದೂ ಮರಳಿ ಬರುತ್ತದೆ, ಆದರೆ ಎಲ್ಲಕ್ಕಿಂತ ನಿಧಾನ.

ಮನೆಯವಳು ದಿನಾ ಸಂಜೆ ಹತ್ತಿರ ಬಂದು ಉಸಿರು ನೋಡುತ್ತಿದ್ದಳು. ಕೇಳುತ್ತಿರಲಿಲ್ಲ, ಮೂಸುತ್ತಿದ್ದಳು. ನನಗೆ ಉರಿದುಹೋಗುತ್ತಿತ್ತು. ಒಂದು ದಿನ ನಾನೇ, “ಬಾ, ನೋಡಿಬಿಡು” ಎಂದೆ. “ರೀ, ನಂಬಿಕೆ ಇಲ್ಲ ಅಂತಲ್ಲ, ಹೆದರಿಕೆ” ಎಂದಳು. ಆಮೇಲೆ ಸ್ನಾನ ಮುಗಿಸಿ ನಾನೇ ಹೋಗಿ ಅಡುಗೆಮನೆಯಲ್ಲಿ ಅವಳ ಪಕ್ಕ ನಿಲ್ಲುವುದು ರೂಢಿಯಾಯಿತು. ತರಕಾರಿಯೂ ಹೆಚ್ಚುತ್ತಿದ್ದೆ.

ಒಂದು ಕೆಲಸ ಯಾರೂ ಹೇಳದೆ ಮಾಡಿದೆ. ನಮ್ಮಲ್ಲಿ ಮನೆಯಲ್ಲಿ ಕೋವಿ ಇರುವುದು ಸಾಮಾನ್ಯ. ಮಳೆ ಜೋರಿದ್ದ ಒಂದು ವಾರ ನನ್ನ ಯೋಚನೆಗಳು ಹೋಗಬಾರದ ಕಡೆ ಹೋಗುತ್ತಿದ್ದವು. ಕೋವಿಯನ್ನು ದೊಡ್ಡಮನೆಗೆ ಒಯ್ದು ಅಣ್ಣನ ಕೈಗೆ ಕೊಟ್ಟೆ. ಅವನು ಕಾರಣ ಕೇಳಲಿಲ್ಲ. ಅದೇ ವಾರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ 14446 ಇದೆ. ಆದರೆ ಮಳೆಗಾಲದಲ್ಲಿ ಟವರ್ ಬಿದ್ದರೆ ನೆಟ್‌ವರ್ಕ್ ಇಲ್ಲ, ಅಲ್ವಾ? ಅದಕ್ಕೇ ನಡೆದು ಹೋಗುವಷ್ಟು ಹತ್ತಿರ ಒಬ್ಬರು ಇರಬೇಕು. ನನಗೆ ಸಿಕ್ಕಿದ್ದು ಒಬ್ಬ ಜೀಪ್ ಡ್ರೈವರ್. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವನು, ಅಲ್ಲಿ ಬಿಟ್ಟವರ ಕೂಟವಾದ ನವಜೀವನ ಸಮಿತಿಗೆ ಹೋಗುವವನು. ನನಗಿಂತ ಕಿರಿಯ. ಉಪದೇಶ ಮಾಡುವುದಿಲ್ಲ. ಹೋದರೆ ಇಸ್ಪೀಟು ತೆಗೆಯುತ್ತಾನೆ.

ಸೆಪ್ಟೆಂಬರ್ 3ರ ಕೈಲು ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ದೊಡ್ಡಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಕೋವಿ ಪೂಜೆ, ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಹಂದಿ ಸಾರು, ಆಮೇಲೆ ಗ್ಲಾಸು. ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ, ತಪ್ಪಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಬೆಳಿಗ್ಗೆಯೇ ಹೋಗಿ ಹಂದಿ ಸಾರಿನ ಪಾತ್ರೆ ಹಿಡಿದುಕೊಂಡೆ. ಅಡುಗೆಯವನನ್ನು ಯಾರೂ ಕರೆದು ಕೂರಿಸುವುದಿಲ್ಲ. ಕೈಯಲ್ಲಿ ಯಾವಾಗಲೂ ತುಂಬಿದ ನಿಂಬೆ ಸೋಡಾ. ದೊಡ್ಡಪ್ಪ ಮಾತ್ರ ಬಿಡಲಿಲ್ಲ. “ಒಂದು ಪೆಗ್ಗಿಗೆ ಏನಾಗ್ತದೆ?” ಎಂದರು. “ಮಾತ್ರೆ ಉಂಟು ದೊಡ್ಡಪ್ಪ, ಡಾಕ್ಟ್ರು ಬೈತಾರೆ” ಎಂದೆ. ನಮ್ಮಲ್ಲಿ ಡಾಕ್ಟರ ಹೆಸರಿಗೆ ಇರುವ ಮರ್ಯಾದೆ ಮನಸ್ಸು ಮಾಡಿದ್ದೇನೆ ಅನ್ನುವುದಕ್ಕೆ ಇಲ್ಲ. ಕುಲದ ಹಿರಿಯರಾದ ಗುರುಕಾರಣರಿಗೆ ಮೀದಿ, ಅಂದರೆ ಎಡೆ, ಇಡುವಾಗಿನ ಗ್ಲಾಸನ್ನು ಅಣ್ಣ ಇಟ್ಟ. ಸಾರು ಇಳಿಸಿದ ಮೇಲೆ ನಾನು ಊಟ ಮಾಡಿ, ಕತ್ತಲಾಗುವ ಮೊದಲೇ ಹೊರಟೆ. ಸುಗ್ಗಿ ಹಬ್ಬ ಹುತ್ತರಿಗೂ ಇದೇ ಏರ್ಪಾಡು. ಆ ಹೊತ್ತಿಗೆ ಸಾರಿನ ರುಚಿ ನಾಲಿಗೆಗೆ ಗೊತ್ತಾಗತೊಡಗಿತ್ತು, ಉಪ್ಪು ಕಡಿಮೆ ಎಂದು ನಾನೇ ಹೇಳಿದೆ.

ಈಗ ಚಳಿ ಜಾಸ್ತಿಯಾದರೆ ಬೆರಳ ತುದಿ ಜುಮ್ಮೆನ್ನುತ್ತದೆ. ನರ ಸರಿಯಾಗಲು ಸಮಯ ಬೇಕು, ಪೂರ್ತಿ ಸರಿಯಾಗದೆಯೂ ಇರಬಹುದು ಎಂದಿದ್ದಾರೆ. ಬಟವಾಡೆ ಲೆಕ್ಕ ತಪ್ಪುವುದಿಲ್ಲ. ಕಾಫಿ ಬೆಳಿಗ್ಗೆ ಎರಡು ಲೋಟ. ಕೋವಿ ಇನ್ನೂ ಅಣ್ಣನ ಹತ್ತಿರವೇ ಇದೆ. ವಾಪಸ್ ತರುವ ಅವಸರ ನನಗೂ ಇಲ್ಲ, ಅವನಿಗೂ ಇಲ್ಲ.