ಕೈ ನಡುಗುವವರೆಗೆ ಕಾಯಬೇಡಿ: ಪಾರ್ಕಿನ್ಸನ್ ಗುರುತಿಸುವುದು ಹೇಗೆ?

ಪಾರ್ಕಿನ್ಸನ್ ಕಾಯಿಲೆಗೆ ನಾವಿಟ್ಟ ಕಂಪವಾತ ಎಂಬ ಹೆಸರೇ ನಮ್ಮ ದಾರಿ ತಪ್ಪಿಸಿದೆ. ಪಾರ್ಕಿನ್ಸನ್ ರೋಗಿಗಳಲ್ಲಿ ಕೆಲವರಿಗೆ ನಡುಕ ಬರುವುದೇ ಇಲ್ಲ. ವೈದ್ಯರು ಮೊದಲು ಹುಡುಕುವುದು ಚಲನೆಯ ನಿಧಾನವನ್ನು. ಅದನ್ನೇ ನಾವು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುತ್ತೇವೆ.

ಮೊದಲು ಅಪ್ಪನೋ ಅಮ್ಮನೋ ನಡೆಯುವಾಗ ಹಿಂದಿನಿಂದ ನೋಡಿ. ಒಂದು ಕೈ ಬೀಸುತ್ತಿದ್ದು, ಇನ್ನೊಂದು ಮೈಗಂಟಿಕೊಂಡಿದೆಯೇ? ಈ ರೋಗ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಶುರುವಾಗುತ್ತದೆ. ಭುಜ ಹಿಡಿದುಕೊಂಡಿದೆ ಎಂದು ಎಣ್ಣೆ ತಿಕ್ಕುವುದರಲ್ಲೇ ತಿಂಗಳುಗಳು ಕಳೆದುಹೋಗುವುದುಂಟು.

ಎರಡನೆಯದು ಬರಹ. ಹಳೆಯ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಇಂದು ನಾಲ್ಕು ಸಾಲು ಬರೆಸಿ. ಸಾಲು ಮುಂದುವರಿದಂತೆ ಅಕ್ಷರ ಕಿರಿದಾಗುತ್ತಿದ್ದರೆ ಗಮನಿಸಿ.

ಮೂರನೆಯದಾಗಿ, ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ, ವೇಗವಾಗಿ ಹತ್ತು ಬಾರಿ ತಟ್ಟಲು ಹೇಳಿ. ಎರಡೂ ಕೈಗಳದ್ದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ. ತಟ್ಟುತ್ತಾ ಹೋದಂತೆ ಬೆರಳುಗಳ ಅಂತರ ಕುಗ್ಗುವುದು ಮುಖ್ಯ ಸುಳಿವು. ನಡುಕವಿದ್ದರೆ ಯಾವಾಗ ಎಂದು ಬರೆದಿಡಿ: ಕೈ ತೊಡೆಯ ಮೇಲೆ ಸುಮ್ಮನಿದ್ದಾಗಲೋ, ಕಾಫಿ ಲೋಟ ಎತ್ತುವಾಗಲೋ? ಸುಮ್ಮನಿದ್ದಾಗಿನ ನಡುಕ ಪಾರ್ಕಿನ್ಸನ್ ಕಡೆಗೆ ಬೆರಳು ತೋರುತ್ತದೆ.

ಒಗ್ಗರಣೆಯ ಇಂಗಿನ ವಾಸನೆ ತಿಳಿಯದಿರುವುದು, ಹಟಮಾರಿ ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಒದೆಯುವುದು, ಕೂಗುವುದು: ಇವು ಚಲನೆಯ ತೊಂದರೆಗಿಂತ ವರ್ಷಗಳ ಮೊದಲೇ ಬರಬಹುದು. ನಿದ್ದೆಯ ವಿಷಯವನ್ನು ಸಂಗಾತಿಯನ್ನೇ ಕೇಳಿ. ಇವುಗಳಲ್ಲಿ ಯಾವುದೋ ಒಂದಿದ್ದ ಮಾತ್ರಕ್ಕೆ ಹೆದರಬೇಕಿಲ್ಲ.

ಈಗ ನಾನು ಒತ್ತಿ ಹೇಳಬೇಕಾದ ಮಾತು: ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಗ್ಯಾಸ್ಟ್ರಿಕ್ ಮಾತ್ರೆಗಳ ಜೊತೆ ಬೆರೆತು ಬರುವ ಲೆವೊಸಲ್ಪಿರೈಡ್, ಕೆಲವು ಮನೋರೋಗದ ಔಷಧಗಳು ಥೇಟ್ ಪಾರ್ಕಿನ್ಸನ್‌ನಂಥದೇ ಲಕ್ಷಣ ತರಬಲ್ಲವು. ವೈದ್ಯರು ನಿಲ್ಲಿಸಿದರೆ ಎಷ್ಟೋ ಜನ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

ಇವೆಲ್ಲವನ್ನೂ ಹಿಡಿದು ನರರೋಗ ತಜ್ಞರ ಬಳಿಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಲನೆಯ ಕಾಯಿಲೆಗಳಿಗೆ ಪರಿಣತರಿದ್ದಾರೆ. ಎಂಆರ್‌ಐ ಬೇರೆ ಕಾರಣಗಳನ್ನು ತಳ್ಳಿಹಾಕಲು ಮಾತ್ರ. ಅದು ಸರಿಯಿದ್ದರೂ ಪಾರ್ಕಿನ್ಸನ್ ಇರಬಹುದು. ರೋಗ ನಿರ್ಣಯವಾಗುವುದು ಮುಖ್ಯವಾಗಿ ವೈದ್ಯರ ಕಣ್ಣು, ಕೈಗಳಿಂದ, ಆಮೇಲೆ ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧವಾದ ಲೆವೊಡೋಪ ಮಾತ್ರೆಗೆ ದೇಹ ಸ್ಪಂದಿಸುವ ರೀತಿಯಿಂದ. ರೋಗಿಗೆ ನಲವತ್ತು ತುಂಬಿಲ್ಲದಿದ್ದರೆ ವಿಲ್ಸನ್ ಕಾಯಿಲೆಯ ತಪಾಸಣೆಯನ್ನೂ ಕೇಳಿ. ದೇಹದಲ್ಲಿ ತಾಮ್ರ ಶೇಖರವಾಗುವ ಆ ಕಾಯಿಲೆಗೆ ಬೇರೆಯೇ ಚಿಕಿತ್ಸೆಯಿದೆ.

ಮೊದಲ ಭೇಟಿಯಲ್ಲೇ ಉತ್ತರ ಸಿಗದಿರಬಹುದು. ಮುಂದಿನ ಭೇಟಿಗೆ ಮುನ್ನ ಅದೇ ಬೆರಳು ತಟ್ಟುವಿಕೆಯನ್ನು ಮತ್ತೊಮ್ಮೆ ಚಿತ್ರೀಕರಿಸಿ, ಹಳೆಯದರ ಜೊತೆಗೇ ತೋರಿಸಿ.