‘ದ ಸೆವೆಂತ್ ಸೀಲ್’ ಚಿತ್ರವನ್ನು ಮೊದಲ ಸಲ ನೋಡುವವರಿಗೆ

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ 1957ರಲ್ಲಿ ತೆರೆಗೆ ತಂದ ‘ದ ಸೆವೆಂತ್ ಸೀಲ್’ ಚಿತ್ರವನ್ನು ನೋಡದವರೂ ಅದರ ಒಂದು ದೃಶ್ಯವನ್ನು ಎಲ್ಲೋ ಕಂಡಿರುತ್ತಾರೆ: ಕಡಲ ದಂಡೆಯಲ್ಲಿ ಕುಳಿತ ಒಬ್ಬ ಯೋಧ, ಅವನೆದುರು ಕಪ್ಪು ನಿಲುವಂಗಿ ತೊಟ್ಟ, ಸುಣ್ಣ ಬಳಿದಂಥ ಮುಖದ ಮೃತ್ಯು, ಇಬ್ಬರ ನಡುವೆ ಚದುರಂಗದ ಹಲಗೆ. ಈ ಖ್ಯಾತಿಯೇ ಹೊಸ ನೋಡುಗರಿಗೆ ತೊಡಕಾಗುತ್ತದೆ. ಪರೀಕ್ಷೆಗೆ ಕೂತವರ ಹಾಗೆ ಗಂಭೀರವಾಗಿ ಕೂತು, ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆಗೆ ಚಿತ್ರವೇನು ಉತ್ತರ ಕೊಡುತ್ತದೆಂದು ಕಾಯುತ್ತೇವೆ. ನಾನೂ ಮೊದಲ ಸಲ ಯೋಧನ ಮಾತುಗಳನ್ನೆಲ್ಲ ಟಿಪ್ಪಣಿ ಮಾಡಿಕೊಳ್ಳುತ್ತ ಕೂತು, ಚಿತ್ರದ ಅತಿ ಮುಖ್ಯ ದೃಶ್ಯದಲ್ಲಿ ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದೆ. ಆ ತಪ್ಪು ನಿಮ್ಮಿಂದಾಗದಿರಲಿ ಎಂದು ಈ ಬರಹ.

ಮೊದಲು ಸಿದ್ಧತೆಯ ಮಾತು. ಚಿತ್ರದ ಅವಧಿ 96 ನಿಮಿಷ ಮಾತ್ರ. ಆದ್ದರಿಂದ ಒಂದೇ ಕೂತಿನಲ್ಲಿ ನೋಡಿ. ಇಂಗ್ಲಿಷ್‌ಗೆ ಡಬ್ ಆದ ಪ್ರತಿ ಸಿಕ್ಕರೂ ಬಿಟ್ಟು, ಸ್ವೀಡಿಷ್ ಧ್ವನಿ ಮತ್ತು ಸಬ್‌ಟೈಟಲ್ ಇರುವುದನ್ನೇ ಹುಡುಕಿ. ಛಾಯಾಗ್ರಾಹಕ ಗುನ್ನಾರ್ ಫಿಶರ್ ಕಪ್ಪು ಬಿಳುಪುಗಳನ್ನು ಚಾಕುವಿನಿಂದ ಕೊರೆದಂತೆ ಬೇರ್ಪಡಿಸಿರುವುದರಿಂದ, ಹಗಲು ಬೆಳಕಿನ ಕೋಣೆಯಲ್ಲಿ ಅರ್ಧ ಚಿತ್ರವೇ ಕಾಣಿಸುವುದಿಲ್ಲ, ದೀಪ ಆರಿಸಿ. ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ಆರಿಸಿ, ಇಲ್ಲವಾದರೆ ಮೃತ್ಯು ಧಾರಾವಾಹಿಯ ಪಾತ್ರದಂತೆ ಕಾಣುತ್ತಾನೆ.

ಮೊದಲೇ ತಿಳಿದಿರಬೇಕಾದ ವಿಷಯಗಳು ಹೆಚ್ಚಿಲ್ಲ. ಶೀರ್ಷಿಕೆ ಬೈಬಲ್ಲಿನ ಪ್ರಕಟನೆ ಗ್ರಂಥದ ಎಂಟನೆಯ ಅಧ್ಯಾಯದಿಂದ ಬಂದದ್ದು: ಏಳನೆಯ ಮುದ್ರೆಯನ್ನು ಒಡೆದಾಗ ಪರಲೋಕದಲ್ಲಿ ಸುಮಾರು ಅರ್ಧ ಗಂಟೆ ನಿಶ್ಶಬ್ದವಾಯಿತು ಎಂಬ ಮಾತು ಅಲ್ಲಿದೆ. ಚಿತ್ರದ ಯೋಧ ಆಂಟೋನಿಯಸ್ ಬ್ಲಾಕ್‌ನನ್ನು ಕಾಡುವುದು ದೇವರ ಕೋಪವಲ್ಲ, ಈ ನಿಶ್ಶಬ್ದ. ಹತ್ತು ವರ್ಷ ಕ್ರುಸೇಡ್ ಎಂಬ ಕ್ರೈಸ್ತ ಧರ್ಮಯುದ್ಧದಲ್ಲಿ ಕಳೆದು, ಪ್ಲೇಗು ಹರಡಿರುವ ಸ್ವೀಡನ್ನಿಗೆ ಅವನು ಮರಳಿದ್ದಾನೆ. ತನ್ನನ್ನು ಒಯ್ಯಲು ಬಂದ ಮೃತ್ಯುವನ್ನು, ಆಟ ಮುಗಿಯುವ ತನಕ ಬದುಕಿರುವೆ, ಗೆದ್ದರೆ ಬಿಡುಗಡೆ ಎಂಬ ಪಣವಿಟ್ಟು ಚದುರಂಗಕ್ಕೆ ಕರೆಯುತ್ತಾನೆ. ಇತಿಹಾಸದ ಪುಸ್ತಕ ಹಿಡಿದು ಕೂತರೆ ಇಲ್ಲಿ ತಪ್ಪುಗಳು ಸಿಗುತ್ತವೆ; ಸ್ವೀಡನ್ನಿಗೆ ಪ್ಲೇಗು ಬಂದದ್ದು 1350ರ ಸುಮಾರಿಗೆ, ಪವಿತ್ರ ಭೂಮಿಯ ಕ್ರುಸೇಡ್‌ಗಳು ಅದಕ್ಕೂ ಅರ್ಧ ಶತಮಾನ ಮೊದಲೇ ಮುಗಿದಿದ್ದವು, ಚಿತ್ರದಲ್ಲಿ ಕಾಣುವಂತೆ ಮಾಟಗಾತಿಯರೆಂದು ಸ್ವೀಡನ್ನಿನಲ್ಲಿ ಹೆಂಗಸರನ್ನು ಸಾಮೂಹಿಕವಾಗಿ ಕೊಂದದ್ದು ಹದಿನೇಳನೆಯ ಶತಮಾನದಲ್ಲಿ. ಪಾದ್ರಿಯ ಮಗನಾದ ಬರ್ಗ್‌ಮನ್ ಬಾಲ್ಯದಲ್ಲಿ ತಂದೆಯ ಜೊತೆ ಹಳ್ಳಿಯ ಚರ್ಚುಗಳಿಗೆ ಹೋಗಿ, ಪ್ರವಚನ ನಡೆಯುವಾಗ ಗೋಡೆ ಮತ್ತು ಚಾವಣಿಯ ಚಿತ್ರಗಳನ್ನು ನೋಡುತ್ತ ಕೂರುತ್ತಿದ್ದ. ಸ್ಟಾಕ್‌ಹೋಮ್ ಬಳಿಯ ಟೇಬಿ ಚರ್ಚಿನಲ್ಲಿ ಮನುಷ್ಯನೊಬ್ಬ ಮೃತ್ಯುವಿನೊಡನೆ ಚದುರಂಗ ಆಡುತ್ತಿರುವ ಹದಿನೈದನೆಯ ಶತಮಾನದ ಚಿತ್ರವೊಂದಿದೆ. ಬರೆದವನು ಆಲ್ಬರ್ಟಸ್ ಪಿಕ್ಟರ್. ಇಡೀ ಸಿನಿಮಾವನ್ನು ಅಂಥದೊಂದು ಗೋಡೆಯ ಚಿತ್ರದಂತೆ ನೋಡಿದರೆ ಕಾಲಗಳ ಬೆರಕೆ ತೊಂದರೆ ಕೊಡುವುದಿಲ್ಲ.

ಕನ್ನಡದ ನೋಡುಗರು ಇನ್ನೊಂದು ಎಚ್ಚರ ವಹಿಸಬೇಕು. ಮೃತ್ಯು ಮನುಷ್ಯರೂಪದಲ್ಲಿ ಬಂದು ಮಾತಾಡಿದ ಕೂಡಲೇ ನಮಗೆ ಕಠೋಪನಿಷತ್ತಿನ ಯಮನ ನೆನಪಾಗುತ್ತದೆ. ಆ ಯಮ ಮೊದಲು ತಪ್ಪಿಸಿಕೊಳ್ಳಲು ನೋಡಿದರೂ ಕೊನೆಗೆ ನಚಿಕೇತನಿಗೆ ಗುರುವಾಗುತ್ತಾನೆ. ಬರ್ಗ್‌ಮನ್ನನ ಮೃತ್ಯುವಿನ ಬಳಿ ಕಲಿಸಲು ಏನೂ ಇಲ್ಲ. ನಿನ್ನ ರಹಸ್ಯಗಳನ್ನು ಹೇಳುತ್ತೀಯಾ ಎಂದು ಯೋಧ ಕೇಳಿದರೆ ತನ್ನಲ್ಲಿ ರಹಸ್ಯಗಳೇ ಇಲ್ಲ ಎನ್ನುತ್ತಾನೆ. ಒಯ್ಯುವುದಷ್ಟೇ ಅವನ ಕೆಲಸ. ಹಾಗಾಗಿ ಉತ್ತರ ಮೃತ್ಯುವಿನ ಬಾಯಿಂದ ಬರುತ್ತದೆಂದು ಕಾಯಬೇಡಿ.

ನೋಡಲು ಆರಂಭಿಸಿದ ಮೇಲೆ ಯೋಧನಿಗಿಂತ ಹೆಚ್ಚಾಗಿ ಅವನ ಅನುಚರ ಯೋನ್ಸ್‌ನ ಮೇಲೆ ಕಣ್ಣಿಡಿ. ಆರಂಭದಲ್ಲೇ ಅವನು ಕುದುರೆಯಿಂದಿಳಿದು, ಬಂಡೆಗೊರಗಿ ಮಲಗಿದವನೊಬ್ಬನನ್ನು ದಾರಿ ಕೇಳಲು ಹೋಗಿ, ಮುಸುಕು ಹಿಡಿದೆತ್ತುತ್ತಾನೆ; ಕಣ್ಣಿನ ಜಾಗದಲ್ಲಿ ಗುಳಿಗಳಿರುವ ಹೆಣ ಅದು. ಹಿಂತಿರುಗಿದಾಗ ಯೋಧ, ಅವನೇನು ಮೂಗನೇ ಎಂದು ಕೇಳುತ್ತಾನೆ. ಇಲ್ಲ, ಬಹಳ ಚೆನ್ನಾಗಿಯೇ ಮಾತಾಡಿದ ಎಂಬರ್ಥದ ಉತ್ತರ ಕೊಟ್ಟು ಯೋನ್ಸ್ ಮುಂದೆ ಸಾಗುತ್ತಾನೆ. ಇಲ್ಲಿ ನಗು ಬಂದರೆ ತಡೆಯಬೇಡಿ, ಚಿತ್ರ ಅದನ್ನು ಬಯಸುತ್ತದೆ. ನಟ ಗುನ್ನಾರ್ ಬ್ಯೋರ್ನ್‌ಸ್ಟ್ರಾಂಡ್ ಈ ನಾಸ್ತಿಕನನ್ನು ಎಷ್ಟು ಜೀವಂತವಾಗಿ ಅಭಿನಯಿಸಿದ್ದಾನೆಂದರೆ, ಮ್ಯಾಕ್ಸ್ ವಾನ್ ಸಿಡೋ ನಿರ್ವಹಿಸಿದ ಯೋಧನ ಸಂಕಟ ಅವನ ಪಕ್ಕದಲ್ಲಿ ಕೆಲವೊಮ್ಮೆ ತುಸು ಪುಸ್ತಕದಂತೆ ಕೇಳಿಸುತ್ತದೆ. ಕಮ್ಮಾರ ಮತ್ತು ಅವನ ಓಡಿಹೋದ ಹೆಂಡತಿಯ ಹಾಸ್ಯ ಮಾತ್ರ ನನಗೆ ಇಂದಿಗೂ ಎಳೆದಂತೆ ಅನ್ನಿಸುತ್ತದೆ.

ಚದುರಂಗ ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. ಚರ್ಚಿನ ದೃಶ್ಯವೊಂದನ್ನು ಗಮನಿಸಿದರೆ ಸಾಕು. ಯೋಧ ಜಾಲರಿಯ ಆಚೆ ಇರುವ ಪಾದ್ರಿಯ ಬಳಿ ಪಾಪನಿವೇದನೆ ಮಾಡುತ್ತ, ತನಗೆ ಬೇಕಾದದ್ದು ನಂಬಿಕೆಯಲ್ಲ, ಊಹೆಯಲ್ಲ, ಅರಿವು ಎನ್ನುತ್ತಾನೆ. ಸಿಕ್ಕ ಕಾಲಾವಕಾಶದಲ್ಲಿ ಒಂದಾದರೂ ಅರ್ಥವುಳ್ಳ ಕೆಲಸ ಮಾಡಬೇಕೆನ್ನುತ್ತಾನೆ. ಮಾತಿನ ಭರದಲ್ಲಿ ಚದುರಂಗದ ಒಂಟೆ ಮತ್ತು ಕುದುರೆ ಕಾಯಿಗಳನ್ನು ಹೂಡಿ ಹೇಗೆ ಗೆಲ್ಲುವೆನೆಂಬ ಗುಟ್ಟನ್ನೂ ಬಿಟ್ಟುಕೊಡುತ್ತಾನೆ. ಆಚೆ ಕೂತು ಕೇಳಿಸಿಕೊಂಡವನು ಮೃತ್ಯು. ಮೋಸ ತಿಳಿದ ಮೇಲೆ ಯೋಧ ತನ್ನ ಕೈಯನ್ನೇ ಬಿಡಿಸಿ ನೋಡಿಕೊಳ್ಳುತ್ತಾನೆ, ಅದರಲ್ಲಿ ರಕ್ತ ಹರಿಯುತ್ತಿದೆಯೆಂದು ಅಚ್ಚರಿಪಡುತ್ತಾನೆ. ಈ ಎರಡು ಬೇಡಿಕೆಗಳನ್ನು, ಅರಿವು ಮತ್ತು ಒಂದು ಅರ್ಥವುಳ್ಳ ಕೆಲಸ, ಮನಸ್ಸಿನಲ್ಲಿಟ್ಟುಕೊಂಡು ಮುಂದೆ ನೋಡಿ.

ನಾನು ತಪ್ಪಿಸಿಕೊಂಡ ದೃಶ್ಯ ಚಿತ್ರದ ನಡುಭಾಗದಲ್ಲಿದೆ. ಯೋಫ್ ಮತ್ತು ಮಿಯಾ ಊರೂರು ಅಲೆದು ನಾಟಕವಾಡುವ ಆಟದವರು. ಹೆಸರುಗಳಲ್ಲೇ ಯೋಸೇಫ ಮತ್ತು ಮರಿಯಳ ನೆರಳಿದೆ, ಜೊತೆಗೊಂದು ಕೂಸೂ ಇದೆ. ಸಂಜೆಯ ಬೆಳಕಿನಲ್ಲಿ ಗುಡ್ಡದ ಹುಲ್ಲಿನ ಮೇಲೆ ಮಿಯಾ ಯೋಧನಿಗೆ ಕಾಡು ಸ್ಟ್ರಾಬೆರಿ ಹಣ್ಣುಗಳನ್ನೂ ಒಂದು ಬಟ್ಟಲು ಹಾಲನ್ನೂ ಕೊಡುತ್ತಾಳೆ. ಯೋಫ್ ತಂತಿವಾದ್ಯ ಮೀಟುತ್ತಾನೆ, ಕೂಸು ಮಲಗಿದೆ. ತುಂಬಿದ ಹಾಲಿನ ಬಟ್ಟಲನ್ನು ತುಳುಕದಂತೆ ಹಿಡಿಯುವ ಹಾಗೆ ಈ ನೆನಪನ್ನು ಹಿಡಿದುಕೊಳ್ಳುವೆನೆಂದು ಯೋಧ ಹೇಳುತ್ತಾನೆ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿಯುವುದನ್ನು ನೋಡಿ, ಚರ್ಚಿನಲ್ಲಿ ಅವನು ದಿಟ್ಟಿಸಿದ್ದು ಇದೇ ಕೈಯನ್ನು. ಅವನು ಕೇಳಿದ ಅರಿವು ಸಿಗಲಿಲ್ಲ, ಸಿಕ್ಕಿದ್ದು ಹಾಲು. ಅಲ್ಲಿಂದೆದ್ದು ನೇರವಾಗಿ ಚದುರಂಗಕ್ಕೆ ಹೋದಾಗ, ಆ ಆಟದವರನ್ನು ಕಾಡು ದಾಟಿಸುತ್ತೀಯಂತೆ ಎಂದು ಮೃತ್ಯು ಸುಮ್ಮನೆ ಕೇಳಿದಂತೆ ಕೇಳುತ್ತಾನೆ. ಅಲ್ಲಿಂದ ಆಟದ ಪಣವೇ ಬದಲಾಗುತ್ತದೆ. ಕಾಡಿನಲ್ಲಿ ಯೋಧ ತನ್ನ ನಿಲುವಂಗಿಯಿಂದ ಕಾಯಿಗಳನ್ನು ಚೆಲ್ಲಿಬಿಡುವುದು ಸೋಲುವ ಭಯದಿಂದಲ್ಲ. ಅವನ ಹಿಂದೆ ಆಟದವರ ಗಾಡಿ ಯಾವ ಕಡೆಗೆ ಹೊರಟಿದೆ ಎಂಬುದನ್ನು ನೋಡಿ.

ಎರಡನೆಯ ಸಲ ನೋಡುವಾಗ ಹಾಲಿನ ದೃಶ್ಯವನ್ನೂ ಮೊದಲ ಚದುರಂಗವನ್ನೂ ಸಬ್‌ಟೈಟಲ್ ತೆಗೆದು ನೋಡಿ. ಈ ಸಲಹೆಗೆ ನಮ್ಮಲ್ಲೇ ಒಂದು ಹಿನ್ನೆಲೆಯಿದೆ. ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಈ ಚಿತ್ರವನ್ನು ಸಬ್‌ಟೈಟಲ್ ಇಲ್ಲದೆಯೇ ನೋಡಿದ್ದರು. ಯುರೋಪಿನವರು ಓದಿ ಕಟ್ಟಿಕೊಳ್ಳಬೇಕಾದ ಮಧ್ಯಯುಗ ಭಾರತದ ಲೇಖಕನಿಗೆ ನೆನಪಿನಲ್ಲೇ ಇದೆ ಎಂಬ ಧಾಟಿಯಲ್ಲಿ ನಡೆದ ಮಾತುಕತೆಯಿಂದ ‘ಸಂಸ್ಕಾರ’ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. 1965ರ ಆ ಕಾದಂಬರಿಯಲ್ಲೂ ಪ್ಲೇಗು ಇದೆ. ಅರಿವನ್ನು ಹುಡುಕಿ ಕಾಶಿಗೆ ಹೋಗಿ ಬಂದ ಪ್ರಾಣೇಶಾಚಾರ್ಯರಿಗೂ ದೊರೆಯುವುದು ಕತ್ತಲಿನಲ್ಲಿ ಚಂದ್ರಿ ಕೊಟ್ಟ ಬಾಳೆಹಣ್ಣು. ಸ್ಟ್ರಾಬೆರಿಗೂ ಈ ಬಾಳೆಹಣ್ಣಿಗೂ ನಂಟು ಕಟ್ಟುವುದು ನನ್ನ ಓದು, ಒಪ್ಪದಿದ್ದರೆ ಬಿಡಬಹುದು.

ಕೊನೆಯ ಊಟದ ದೃಶ್ಯದಲ್ಲಿ ಯೋಧ ಕೈಗಳಿಂದ ಮುಖ ಮುಚ್ಚಿಕೊಂಡು ಪ್ರಾರ್ಥಿಸುತ್ತಾನೆ. ಯೋನ್ಸ್ ಸುಮ್ಮನಾಗುತ್ತೇನೆ, ಆದರೆ ಪ್ರತಿಭಟಿಸಿಯೇ ಎನ್ನುತ್ತಾನೆ. ಯೋನ್ಸ್ ಜೊತೆಗೆ ಕರೆತಂದ, ಅದುವರೆಗೆ ಇಡೀ ಚಿತ್ರದಲ್ಲಿ ಮಾತೇ ಆಡದ ಹುಡುಗಿ ಎಲ್ಲವೂ ತೀರಿತು ಎನ್ನುತ್ತಾಳೆ. ಬರ್ಗ್‌ಮನ್ ಇವರಲ್ಲಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಆಮೇಲೆ ಬೆಟ್ಟದ ನೆತ್ತಿಯಲ್ಲಿ, ಮೋಡದ ಕೆಳಗೆ, ಕೈ ಕೈ ಹಿಡಿದು ಕುಣಿಯುತ್ತ ಹೋಗುವ ಕಪ್ಪು ಆಕೃತಿಗಳು. ಹೋವ್ಸ್ ಹಲ್ಲಾರ್ ಎಂಬ ಕಡಲತೀರದಲ್ಲಿ ದಿನದ ಕೆಲಸ ಮುಗಿದ ಮೇಲೆ ಆ ಮೋಡ ಕಂಡು ತರಾತುರಿಯಲ್ಲಿ ತೆಗೆದ ದೃಶ್ಯ ಅದು. ನಟರಲ್ಲಿ ಕೆಲವರು ಆಗಲೇ ಹೊರಟುಹೋಗಿದ್ದರಿಂದ ತಂತ್ರಜ್ಞರೂ ಅಲ್ಲಿದ್ದ ಪ್ರವಾಸಿಗರೂ ಅವರ ಉಡುಪು ತೊಟ್ಟು ಕುಣಿದರು. ಇದನ್ನು ಕಾಣುವವನು ಯೋಫ್ ಒಬ್ಬನೇ. ಅವನು ಎಣಿಸುವ ಹೆಸರುಗಳನ್ನು ಕಿವಿಗೊಟ್ಟು ಕೇಳಿ: ಮೃತ್ಯು ಬಂದಾಗ ಕೋಟೆಯಲ್ಲಿದ್ದ ಯೋಧನ ಹೆಂಡತಿಯ ಹೆಸರೂ ಆ ಹುಡುಗಿಯ ಸುಳಿವೂ ಅದರಲ್ಲಿ ಬರುವುದಿಲ್ಲ. ಯಾಕೆಂದು ಯೋಚಿಸುತ್ತಿರುವಾಗಲೇ ಮಿಯಾ ಗಂಡನ ಕನಸುಗಳನ್ನು ಕಂಡು ನಗುತ್ತಾಳೆ, ಗಾಡಿ ಹೊರಡುತ್ತದೆ. ಗಾಡಿ ಮರೆಯಾಗುವ ತನಕ ರಿಮೋಟ್ ಮುಟ್ಟಬೇಡಿ.