ಬ್ರೇಕ್ ಒತ್ತಲು ಕಲಿತ ಮೇಲೆಯೇ ರೇಸ್: ಬೆಳಗಾವಿಯಿಂದ ಟ್ರ್ಯಾಕ್‌ವರೆಗೆ ನನ್ನ ಅನುಭವ

ಕಾರ್ ರೇಸ್ ನನ್ನ ಕೆಲಸ ಅಂತ ಗೊತ್ತಾದ ಕೂಡಲೇ ಜನ ಕೇಳುವುದು, ಎಷ್ಟು ಸ್ಪೀಡ್ ಹೋಗ್ತೀರಿ ಅಂತ. ನೇರ ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯುವುದು ಕಷ್ಟದ ಕೆಲಸವಲ್ಲ. ಎಲ್ಲರಿಗೂ ಒಂದೇ ತರಹದ ಕಾರು ಕೊಟ್ಟ ರೇಸ್‌ನಲ್ಲಿ ಅಲ್ಲಿ ಎಲ್ಲರ ವೇಗವೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹಿಂದೆ ಮುಂದೆ ಆಗುವುದು ತಿರುವಿಗೆ ಸ್ವಲ್ಪ ಮುಂಚೆ, ಬ್ರೇಕ್ ಒತ್ತುವ ಜಾಗದಲ್ಲಿ.

ಇದನ್ನು ಮೊದಲು ಹೇಳಿಕೊಟ್ಟವರು ನಮ್ಮ ಕಾಕಾ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅವರದು ಚಿಕ್ಕ ಮಷೀನ್ ಶಾಪ್. ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಷೀನ್. "ಗಾಡಿ ಓಡಸೂದು ಎಲ್ಲಾರಿಗೂ ಬರ್ತೈತಿ ತಮ್ಮಾ. ನಿಂದರ್ಸೂದು ಕಲಿ" ಅನ್ನುತ್ತಿದ್ದರು. ರೇಸ್ ಅವರಿಗೆ ಗೊತ್ತಿರಲಿಲ್ಲ, ಯಂತ್ರ ಗೊತ್ತಿತ್ತು.

ಮೊದಲ ಕಲಿಕೆ ಕೊಲ್ಹಾಪುರದಲ್ಲಿ. ಬೆಳಗಾವಿಯಿಂದ ಸುಮಾರು 110 ಕಿ.ಮೀ., ಹೆದ್ದಾರಿ ಹಿಡಿದರೆ ನೇರ ದಾರಿ. ಅಲ್ಲಿ ಬಾಡಿಗೆಗೆ ಕಾರ್ಟ್, ಅಂದರೆ ನೆಲಕ್ಕೆ ತಾಗುವಂತಿರುವ ಪುಟ್ಟ ತೆರೆದ ರೇಸ್ ಗಾಡಿ, ಸಿಗುತ್ತಿತ್ತು. ಅದನ್ನು ಮಕ್ಕಳ ಆಟದ ಗಾಡಿ ಅಂದುಕೊಳ್ಳುವವರು ಜಾಸ್ತಿ. ಆದರೆ ಅದರಷ್ಟು ಚೆನ್ನಾಗಿ ಕಲಿಸುವ ಗಾಡಿ ಇನ್ನೊಂದಿಲ್ಲ. ಬಾಡಿಗೆ ಕಾರ್ಟ್‌ಗೆ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕಷ್ಟೇ ಬ್ರೇಕ್. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ, ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್ ಮೇಲೆ ಒಟ್ಟಿಗೇ ತಿರುಗುತ್ತವೆ. ತಿರುವಿನಲ್ಲಿ ಒಳಗಿನ ಹಿಂಚಕ್ರದ ಮೇಲಿನ ಭಾರ ಹಗುರಾಗದಿದ್ದರೆ ಕಾರ್ಟ್ ತಿರುಗುವುದೇ ಇಲ್ಲ. ಗಾಡಿಯ ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅನ್ನುವುದು ಸೀಟಿನ ಮೂಲಕ ನೇರ ಬೆನ್ನಿಗೇ ಗೊತ್ತಾಗುತ್ತದೆ.

ಅಲ್ಲಿಂದ ಮುಂದೆ ಕೊಯಮತ್ತೂರು. ಕರಿ ಮೋಟರ್ ಸ್ಪೀಡ್‌ವೇ ಚಿಕ್ಕ ಟ್ರ್ಯಾಕ್, ಸುಮಾರು 2.1 ಕಿ.ಮೀ. ಎಸ್. ಕರಿವರ್ಧನ್ ಅವರ ನೆನಪಿಗೆ ಇಟ್ಟ ಹೆಸರು ಅದು. ಮಾರುತಿ 800ರ ಎಂಜಿನ್ ಹಾಕಿ ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿದವರು ಅವರು. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೂಡ ಅದೇ ಊರಿನವರು. ಆ ಊರಲ್ಲಿ ಮಿಲ್ಲು, ಪಂಪ್ ಕಾರ್ಖಾನೆ, ಫೌಂಡ್ರಿ ನೋಡಿದಾಗಲೆಲ್ಲ ನನಗೆ ನಮ್ಮ ಉದ್ಯಮಬಾಗವೇ ಕಾಣುತ್ತದೆ. ಎರಕ ಹೊಯ್ಯುವವರು, ಟರ್ನಿಂಗ್ ಮಾಡುವವರು, ಹೈಡ್ರಾಲಿಕ್ಸ್ ಬಲ್ಲವರು ನಮ್ಮಲ್ಲಿ ಏನು ಕಡಿಮೆ ಇದ್ದಾರಾ? ಕಡಿಮೆ ಇರುವುದು ಒಂದು ಟ್ರ್ಯಾಕ್ ಮಾತ್ರ. ಈ ಮಾತು ನಾನು ಬೆಳಗಾವಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಎಲ್‌ಜಿಬಿ ಫಾರ್ಮುಲಾ 4 ಅನ್ನುವ ಒಂದೇ ಸೀಟಿನ ರೇಸ್ ಕಾರಿನಲ್ಲಿ 1300 ಸಿಸಿ ಸುಜುಕಿ ಎಂಜಿನ್ ಇರುತ್ತದೆ. ಮನೆಯ ಕಾರಿನ ಬ್ರೇಕ್‌ನಂತೆ ಕಾಲಿಟ್ಟ ಕೂಡಲೇ ಇದರ ಬ್ರೇಕ್ ಹಿಡಿಯುವುದಿಲ್ಲ. ತೊಡೆಯ ಬಲ ಹಾಕಿ ಒತ್ತಬೇಕು. ಒತ್ತಿದಾಗ ಭಾರ ಮುಂದಕ್ಕೆ ಬಂದು ಮುಂಚಕ್ರಕ್ಕೆ ಹಿಡಿತ ಜಾಸ್ತಿ ಸಿಗುತ್ತದೆ, ಹಿಂಚಕ್ರ ಹಗುರಾಗುತ್ತದೆ. ಅದಕ್ಕೇ ಮೊದಲ ಒತ್ತು ಗಟ್ಟಿ, ಆಮೇಲೆ ನಿಧಾನಕ್ಕೆ ಬಿಡುತ್ತಾ ಬರಬೇಕು. ಟೈರಿಗೆ ಇರುವ ಹಿಡಿತ ಇಷ್ಟೇ ಅಂತ ಇರುತ್ತದೆ. ಅದನ್ನೆಲ್ಲ ಬ್ರೇಕಿಗೇ ಕೊಟ್ಟರೆ ತಿರುಗಲು ಏನೂ ಉಳಿಯುವುದಿಲ್ಲ. ಆದ್ದರಿಂದ ಸ್ಟಿಯರಿಂಗ್ ಎಷ್ಟು ತಿರುಗಿಸುತ್ತೀರೋ ಅಷ್ಟು ಬ್ರೇಕ್ ಬಿಡಬೇಕು. ಇದನ್ನು ಟ್ರೇಲ್ ಬ್ರೇಕಿಂಗ್ ಅನ್ನುತ್ತಾರೆ. ಒಮ್ಮೆಲೇ ಬಿಟ್ಟರೆ ಮುಂಭಾಗ ಎದ್ದು ಕಾರು ನೇರಕ್ಕೆ ಹೊರಟುಬಿಡುತ್ತದೆ. ತಿರುವಿನೊಳಗೆ ಗಟ್ಟಿ ಒತ್ತಿದರೆ ಹಿಂಭಾಗ ಸುತ್ತಿಕೊಂಡು ಮುಂದೆ ಬರುತ್ತದೆ.

ನಾನು ಇದನ್ನು ಕಲಿತದ್ದು ಡೇಟಾ ನೋಡಿ. ಬ್ರೇಕ್ ಸೆನ್ಸರ್ ಇರುವ ಕಾರಾದರೆ ಟ್ರ್ಯಾಕ್‌ನ ಒಂದು ಸುತ್ತು (ಲ್ಯಾಪ್) ಮುಗಿದ ಮೇಲೆ, ಎಲ್ಲಿ ಎಷ್ಟು ಬ್ರೇಕ್ ಒತ್ತಿದೆ ಅಂತ ತೋರಿಸುವ ಗೆರೆ ಲ್ಯಾಪ್‌ಟಾಪ್‌ನಲ್ಲಿ ಸಿಗುತ್ತದೆ. ನನಗಿಂತ ವೇಗದ ಹುಡುಗರ ಗೆರೆಯನ್ನು ನನ್ನ ಗೆರೆಯ ಮೇಲಿಟ್ಟು ನೋಡುತ್ತಿದ್ದೆ. ಅವರು ಬ್ರೇಕ್ ಶುರು ಮಾಡುವ ಜಾಗ ಬಹಳ ಸಲ ನನ್ನದೇ ಇರುತ್ತಿತ್ತು. ಬಿಡುವ ರೀತಿ ಬೇರೆ ಇರುತ್ತಿತ್ತು. ತಡವಾಗಿ ಬ್ರೇಕ್ ಒತ್ತುವವನೇ ಧೈರ್ಯವಂತ ಅನ್ನುವ ಮಾತು ತಂಡಗಳು ಬೀಡುಬಿಡುವ ಪ್ಯಾಡಕ್‌ನಲ್ಲಿ ತುಂಬಾ ಕೇಳುತ್ತೀರಿ. ಅದನ್ನು ನಂಬಬೇಡಿ. ತಿರುವಿನಿಂದ ಹೊರಬರುವಾಗಿನ ವೇಗ ಮುಂದಿನ ನೇರ ದಾರಿ ಪೂರ್ತಿ ನಿಮ್ಮ ಜೊತೆ ಬರುತ್ತದೆ.

ಮಳೆಯಲ್ಲಿ ಲೆಕ್ಕವೇ ಬದಲು. ಬಿಸಿಲಿನಲ್ಲಿ ಎಲ್ಲರೂ ಹೋಗುವ ಜಾಡಿನಲ್ಲಿ ಟೈರಿನ ರಬ್ಬರ್ ಕೂತಿರುತ್ತದೆ, ಒದ್ದೆಯಾದರೆ ಅದೇ ಜಾರುತ್ತದೆ. ಆಗ ಆ ಜಾಡಿನ ಹೊರಗಿನ ಒರಟು ಡಾಂಬರಿನ ಮೇಲೆ ಹಿಡಿತ ಹುಡುಕಬೇಕು.

ದೇಹದ ತಯಾರಿಯನ್ನು ಹೆಚ್ಚಿನವರು ಲಘುವಾಗಿ ನೋಡುತ್ತಾರೆ. ಬೆಂಕಿ ತಡೆಯುವ ಬಟ್ಟೆ, ಅದರ ಒಳಗೆ ಇನ್ನೊಂದು ಪದರ, ತಲೆ-ಮುಖ ಮುಚ್ಚುವ ಬಾಲಕ್ಲಾವಾ, ಹೆಲ್ಮೆಟ್, ಭುಜದ ಮೇಲೆ ಹ್ಯಾನ್ಸ್ ಅನ್ನುವ ಕುತ್ತಿಗೆ ರಕ್ಷಕ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ 3.7 ಕಿ.ಮೀ. ಉದ್ದ. ಅಲ್ಲಿನ ಬಿಸಿಲಿನಲ್ಲಿ ಇಷ್ಟೆಲ್ಲ ಹಾಕಿಕೊಂಡು ಕೂತರೆ ರೇಸ್ ಶುರುವಾಗುವ ಮುಂಚೆಯೇ ಬೆವರು ಇಳಿಯುತ್ತದೆ. ನಾನು ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಓಡುತ್ತೇನೆ. ಕುತ್ತಿಗೆಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವ ವ್ಯಾಯಾಮ ಬೇರೆ. ಅವ್ವನಿಗೆ ಮೊದಲು ಬಹಳ ಹೆದರಿಕೆ ಇತ್ತು. ಹ್ಯಾನ್ಸ್ ಹೆಲ್ಮೆಟ್ಟನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ, ಡಿಕ್ಕಿಯಾದಾಗ ತಲೆ ಮುಂದಕ್ಕೆ ಹಾರದಂತೆ ಹೇಗೆ ತಡೆಯುತ್ತದೆ ಅಂತ ಮನೆಯಲ್ಲಿ ಹಾಕಿಕೊಂಡು ತೋರಿಸಿದೆ. ಫಾರ್ಮುಲಾ ಒನ್‌ನಲ್ಲಿ 2003ರಿಂದ ಅದು ಕಡ್ಡಾಯ ಅಂತಲೂ ಹೇಳಿದೆ. ಆಮೇಲೆ ಅವರೇ ಪ್ರತಿ ರೇಸ್‌ಗೆ ಮುಂಚೆ "ಅದನ್ನ ಹಾಕ್ಕೊಂಡೀ ಏನ?" ಅಂತ ಫೋನ್ ಮಾಡಿ ಕೇಳಲು ಶುರು ಮಾಡಿದರು.

ಇನ್ನು ದುಡ್ಡು. ಶುರುವಿನಲ್ಲಿ ಚಾಲಕನಿಗೆ ಸಂಬಳ ಇಲ್ಲ, ಚಾಲಕನೇ ತಂಡಕ್ಕೆ ಸೀಟಿನ ದುಡ್ಡು ಕೊಡಬೇಕು. ಟೈರ್, ಪ್ರಯಾಣ, ಎಂಟ್ರಿ ಫೀ ಇದ್ದೇ ಇರುತ್ತವೆ. ನಾನು ದೊಡ್ಡ ಕಂಪನಿಗಳ ಬಾಗಿಲು ಕಾಯಲಿಲ್ಲ. ಉದ್ಯಮಬಾಗದ ಚಿಕ್ಕ ಕಾರ್ಖಾನೆಗಳಿಗೆ ಹೋದೆ. ಕಾರಿನ ಮೇಲೆ ನಿಮ್ಮ ಹೆಸರು ಹಾಕುತ್ತೇನೆ ಅಂದರೆ ಯಾರೂ ದುಡ್ಡು ಕೊಡುವುದಿಲ್ಲ. ರೇಸ್ ಮುಗಿಸಿ ಬಂದು ನಿಮ್ಮ ಕೆಲಸಗಾರರಿಗೆ, ಅವರ ಮಕ್ಕಳಿಗೆ ಬ್ರೇಕ್, ಟೈರ್, ರಸ್ತೆ ಸುರಕ್ಷತೆ ಬಗ್ಗೆ ಒಂದು ದಿನ ತರಬೇತಿ ಕೊಡುತ್ತೇನೆ ಅಂದೆ. ಅದಕ್ಕೆ ಒಪ್ಪಿದರು. ಆ ತರಬೇತಿಯೇ ಮುಂದೆ ನನ್ನ ಹೊಟ್ಟೆಪಾಡಾಯಿತು. ಇವತ್ತು ನನ್ನ ಸಂಪಾದನೆಯ ದೊಡ್ಡ ಭಾಗ ಬರುವುದು ಡ್ರೈವಿಂಗ್ ಕಲಿಸುವುದರಿಂದ, ಹೊಸ ಚಾಲಕರ ಡೇಟಾ ನೋಡಿ ತಿದ್ದುವುದರಿಂದ. ಬಹುಮಾನದ ದುಡ್ಡು ನಂಬಿ ಮನೆ ನಡೆಸಲು ಆಗುವುದಿಲ್ಲ.

ಮಗ ಅಥವಾ ಮಗಳನ್ನು ಇದಕ್ಕೆ ಕಳಿಸಬೇಕು ಅನ್ನುವ ಅಪ್ಪ-ಅವ್ವ ಈಗ ನನ್ನನ್ನು ಕೇಳುತ್ತಾರೆ. ಮೊದಲು ಬಾಡಿಗೆ ಕಾರ್ಟ್ ಓಡಿಸಲಿ, ಸುಮ್ನೆ ದುಬಾರಿ ಹೆಲ್ಮೆಟ್ ತಂದುಕೊಡಬೇಡಿ ಅನ್ನುತ್ತೇನೆ. ಆಸೆ ಉಳಿದರೆ ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಮಾಡಿಸಿ, ಅದಿಲ್ಲದೆ ರಾಷ್ಟ್ರೀಯ ಮಟ್ಟದ ರೇಸ್‌ಗೆ ಇಳಿಯುವಂತಿಲ್ಲ. ತಂಡದ ಜೊತೆ ಸಹಿ ಹಾಕುವ ಮುಂಚೆ, ಕಾರು ಗುದ್ದಿ ಹಾಳಾದರೆ ರಿಪೇರಿ ಖರ್ಚು ಯಾರದು, ಎಷ್ಟರವರೆಗೆ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.